ಎರಡು ಚಿತ್ರಗಳ ನಡುವಿನ ಮಳೆಗಾಲ

ಹೋದ ತಿಂಗಳು ನನ್ನ ಓದುವ ಕನ್ನಡಕದ ನಂಬರು ಬದಲಾಗಿದೆಯೇನೋ ಎಂದು ಗೋಕಾಕದಲ್ಲಿ ಅತ್ತೆಯನ್ನು ತೋರಿಸುವ ಕಣ್ಣಿನ ಆಸ್ಪತ್ರೆಗೇ ಹೋಗಿದ್ದೆ. ನನ್ನ ಸರದಿ ಬಂದಾಗ ಒಳಗಿದ್ದ ಹುಡುಗಿ ಯಂತ್ರದ ಮುಂದೆ ಗದ್ದ ಊರುವ ಪಟ್ಟಿಯನ್ನು ಸ್ಪಿರಿಟ್ ಅದ್ದಿದ ಅರಳೆಯಿಂದ ಒರೆಸಿ, "ಬರ್ರಿ ಅಕ್ಕಾರ, ಇಲ್ಲಿ ಕುಂದರ್ರಿ" ಎಂದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗೈ ಬೆವೆತುಬಿಟ್ಟಿತು. ನನ್ನ ಕಣ್ಣಿಗೆ ಹೆದರುವಂಥದ್ದೇನೂ ಆಗಿರಲಿಲ್ಲ. ಆದರೆ ಅಂಗೈಗೆ ಅದು ತಿಳಿಯಲಿಲ್ಲ. ಅದು ನನಗಿಂತ ಮೊದಲೇ ಮೂರು ವರ್ಷದ ಹಿಂದಿನ ಮಳೆಗಾಲಕ್ಕೆ ಹೋಗಿತ್ತು.

ಆ ವರ್ಷ ಕಾರಹುಣ್ಣಿಮೆ ಮುಗಿದ ಮೇಲೆ ಮೂಡಲಗಿಯಲ್ಲಿ ಒಂದು ಕಣ್ಣಿನ ಶಿಬಿರ ನಡೆಯಿತು. ಕುಲಗೋಡದಲ್ಲಿ ನನ್ನ ಮೈದುನನ ಮನೆಯಲ್ಲಿರುವ ನಮ್ಮ ಅತ್ತೆ ಗಂಗವ್ವ, ಓಣಿಯ ಹೆಂಗಸರ ಜೊತೆ ಟಂಟಂ ಹತ್ತಿ ಅಲ್ಲಿಗೆ ಹೋದರು. ಅಕ್ಕಿಯೊಳಗಿನ ಹಳ್ಳು ಕಾಣುತ್ತಿಲ್ಲ, ಒಂದು ಕನ್ನಡಕ ಸಿಕ್ಕರೆ ಸಾಕು ಎಂಬುದಷ್ಟೇ ಅವರ ಆಸೆ. ಅವರ ಎಡಗಣ್ಣು ಎಂದೋ ಆರಿಹೋಗಿತ್ತು. ವಯಸ್ಸಾಯಿತಲ್ಲ ಎಂದು ಅವರೂ ಬಿಟ್ಟಿದ್ದರು, ನಾವೂ ಬಿಟ್ಟಿದ್ದೆವು. ಶಿಬಿರದವರು ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾದಿಂದ ಬಲಗಣ್ಣಿನ ಒಳಗಿನ ಚಿತ್ರ ತೆಗೆದು, "ಅಜ್ಜಿ, ಇದು ಕನ್ನಡಕದಿಂದ ಹೋಗೂದಲ್ಲ, ಕಾಚಬಿಂದು, ಕಣ್ಣಾಗಿನ ಒತ್ತಡದ ಬ್ಯಾನಿ ಇದ್ದಂಗ ಐತಿ. ಗೋಕಾಕದಾಗ ತೋರಸ್ರಿ" ಎಂದು ಕಳಿಸಿದರು. ಸಂಜೆ ಆ ಚಿತ್ರ ನನ್ನ ಫೋನಿಗೆ ಬಂತು. ಕೆಳಗೆ ಮೈದುನನ ದನಿ: "ವೈನಿ, ಇಂಗ್ಲಿಷಿನ್ಯಾಗ ಐತಿ. ನೀವ ಓದಿ ಹೇಳ್ರಿ."

ನಮ್ಮ ಮನೆತನದಲ್ಲಿ ಇಂಗ್ಲಿಷಿನಲ್ಲಿ ಏನು ಬಂದರೂ ಅದು ನನ್ನ ಮುಂದೆ ಬಂದು ಬೀಳುತ್ತದೆ. ಔಷಧದ ಡಬ್ಬಿಯಾಗಲಿ, ಮೋಟಾರಿನ ಜೊತೆ ಬಂದ ಪುಸ್ತಕವಾಗಲಿ. ಹುಕ್ಕೇರಿಯಲ್ಲಿ ನನ್ನ ಅಪ್ಪ ನನ್ನನ್ನು ಕಾನ್ವೆಂಟಿಗೆ ಹಾಕಿದ್ದರ ಫಲ ಇದು. ಸಿಸ್ಟರುಗಳು ನಮಗೆ ದುಂಡಗೆ ಬರೆಯುವುದನ್ನು, ಸದ್ದಾಗದಂತೆ ಬಾಗಿಲು ಮುಚ್ಚುವುದನ್ನು, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡುವುದನ್ನು ಕಲಿಸಿದ್ದರು. ಕಣ್ಣಿನ ನರದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ಚಿತ್ರದಲ್ಲಿ ಕೆಂಪು ಹಿನ್ನೆಲೆಯ ಮೇಲೆ ಕಿತ್ತಳೆ ಬಣ್ಣದ ಒಂದು ಬಿಲ್ಲೆ ಇತ್ತು. ಅದರ ನಡುವೆ ಮಾಸಿದ ಹಳದಿಯ ಒಂದು ಕುಳಿ. ಅಲ್ಲಿಂದ ರಕ್ತನಾಳಗಳು, ಹಿಡಕಲ್ ಅಣೆಕಟ್ಟಿನಿಂದ ಹೊರಟ ಕಾಲುವೆಗಳನ್ನು ನಕಾಶೆಯಲ್ಲಿ ಬರೆದ ಹಾಗೆ, ಕವಲಾಗುತ್ತ ಹೋಗಿದ್ದವು. ಪಕ್ಕದಲ್ಲಿ ಒಂದು ಅಂಕಿ: ಪಾಯಿಂಟ್ ಐದು. ನಾನು ಅದನ್ನು ಓದಿ ಹೇಳಿದೆ. ಹೇಳಿದರೆ ಏನು ಬಂತು, ಅರ್ಥ ನನಗೂ ಗೊತ್ತಿರಲಿಲ್ಲ.

ಮುಂಗಾರು ಹಿಡಿಯುವ ಹೊತ್ತಿಗೆ ಅತ್ತೆಯನ್ನು ಗೋಕಾಕಕ್ಕೆ ಕರೆಸಿಕೊಂಡೆವು. ನಾವು ಇಲ್ಲಿರುವುದು ನಮ್ಮವರ ಗೊಬ್ಬರದ ಅಂಗಡಿಯ ಸಲುವಾಗಿ. ಆಸ್ಪತ್ರೆಯ ಡಾಕ್ಟರಬಾಯಿ ಸಣ್ಣ ವಯಸ್ಸಿನವರು, ಅವಸರವಿಲ್ಲದವರು. ಮೊದಲು ಹನಿ ಬರೆದುಕೊಟ್ಟರು, ಕೆಲವು ವಾರ ಬಿಟ್ಟು ಮತ್ತೆ ಕರೆದರು. ಆ ದಿನ ಯಂತ್ರದ ಹುಡುಗಿ ಸವಿತಾ, ಗೋಕಾಕ ಫಾಲ್ಸಿನಿಂದ ದಿನಾ ಬಂದುಹೋಗುವವಳು, ಕತ್ತಲೆ ಕೋಣೆಯಲ್ಲಿ ಅತ್ತೆಯ ಕಣ್ಣಿನ ಚಿತ್ರ ತೆಗೆದಳು. ಡಾಕ್ಟರಬಾಯಿ ಕಂಪ್ಯೂಟರಿನಲ್ಲಿ ಅದನ್ನು ಬಹಳ ಹೊತ್ತು ನೋಡಿದರು. ಅವರ ಹುಬ್ಬಿನ ನಡುವೆ ಒಂದು ಸಣ್ಣ ಗೆರೆ ಮೂಡಿದ್ದನ್ನು ನಾನು ಕಂಡೆ.

"ಕಣ್ಣಿನಿಂದ ಮಿದುಳಿಗೆ ಹೋಗೂ ನರದ ಬಾಯಿ ನೋಡ್ರಿ ಇದು" ಎಂದರು. "ಒಳಗಿನ ನೀರಿನ ಒತ್ತಡಕ್ಕ ನರದ ಎಳಿ ಸತ್ತಂಗ ಸತ್ತಂಗ ನಡುವಿನ ಕುಳಿ ಅಗಲ ಆಕ್ಕೊಂತ ಹೋಗತೈತಿ. ಬಿಲ್ಲೆದಾಗ ಕುಳಿ ಎಷ್ಟ ಪಾಲು ಅನ್ನೂದ ಈ ಅಂಕಿ. ಶಿಬಿರದಾಗ ಅರ್ಧ ಅಂತ ಬರದಾರ. ಇವತ್ತ ನಾ ಅಳದ್ರ ಹತ್ತರಾಗ ಏಳ ಪಾಲು ಬರಾಕತ್ತೈತಿ."

"ಅಂದ್ರ ಗೇಟ್ ಬಂದಾಗಿ ಡ್ಯಾಮ್ ತುಂಬಿದಂಗೇನ್ರಿ?" ಎಂದು ನಮ್ಮವರು ಕೇಳಿದರು.

"ಹಂಗ ಅನ್ರಿ. ಕುಳಿ ಖರೇನ ಇಷ್ಟ ಲಗೂ ಬೆಳದಿದ್ರ ಹನಿ ಸಾಲೂದಿಲ್ಲ, ಬೆಳಗಾವ್ಯಾಗ ಆಪರೇಶನ್ ಮಾಡಸಬೇಕು. ಆದ್ರ ಇವರಿಗೆ ಇರೂದು ಇದೊಂದ ಕಣ್ಣು. ಆಪರೇಶನ್ದಾಗ ಹೆಚ್ಚುಕಡಿಮಿ ಆದ್ರ ಇದೂ ಹೋಗಬಹುದು. ಮಾಡಸದ ಬಿಟ್ವಿ, ನರ ಕೆಡಾಕತ್ತಿದ್ದು ಖರೆ ಇತ್ತಂದ್ರ, ತಾನಾಗಿ ಹೋಗತೈತಿ. ಹೋದದ್ದು ತಿರುಗಿ ಬರೂದಿಲ್ಲ."

"ಬೆಳೆದಿದೆಯೋ ಇಲ್ಲವೋ ಮೇಡಂ?" ಎಂದು ನಾನು ಕೇಳಿದೆ.

"ಅದ ನನಗೂ ಗೊತ್ತಾಗವಲ್ದು ನೋಡ್ರಿ. ಆ ಕ್ಯಾಮೆರಾ ಬ್ಯಾರೆ, ಇದು ಬ್ಯಾರೆ. ಕಣ್ಣಾಗ ಸ್ವಲ್ಪ ಪೊರೆನೂ ಐತಿ, ಚಿತ್ರ ಮಸಕ ಬಂದೈತಿ. ಬಿಲ್ಲೆ ನಡುವ ಇರೂದ ಬಿಟ್ಟು ಮೂಲಿಗೆ ಸರದೈತಿ. ಕುಳಿ ಎಲ್ಲಿಂದ ಶುರು ಅಂತ ಮೌಸ್ ಹಿಡದು ನಾನ ಗೆರಿ ಎಳೀಬೇಕು. ಇಂಥ ಚಿತ್ರದ ಮ್ಯಾಲ ನಾ ಮುಂಜಾನೆ ಎಳದ ಗೆರಿ, ಸಂಜಿಗೆ ಎಳದ ಗೆರಿ ಒಂದಕ್ಕೊಂದು ಕೂಡೂದಿಲ್ಲ."

ತುಂಬಿದ ಕೆರೆಯ ದಂಡೆ ಎಲ್ಲಿಂದ ಶುರು ಎಂದು ಕೇಳಿದ ಹಾಗಾಯಿತಲ್ಲ ಎಂದುಕೊಂಡೆ. ಅದನ್ನು ಅಳೆದು ಒಬ್ಬ ಹೆಂಗಸಿನ ಕಣ್ಣಿಗೆ ಕತ್ತಿ ಹಾಕಬೇಕು.

ಇನ್ನೊಂದು ಪರೀಕ್ಷೆಯೂ ಇತ್ತು. ಬಿಳಿಯ ಬಟ್ಟಲಿನಂಥ ಯಂತ್ರದೊಳಗೆ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅತ್ತೆ ಬಿಡುವಿಲ್ಲದೆ ಒತ್ತಿದ್ದರು. "ಇಲ್ಲದ ಚುಕ್ಕಿನೂ ಕಂಡಾವ ಇವರಿಗೆ" ಎಂದು ಸವಿತಾ ನಕ್ಕಳು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದರೆ ಅತ್ತೆ ಹೇಳಿದ್ದು: "ಪಾಪ, ಆ ಹುಡುಗಿ ಬಾಜೂಕ ಕಾಯ್ಕೋತ ನಿಂತಿತ್ತು. ಒತ್ತದ ಇದ್ರ ಬ್ಯಾಸರ ಮಾಡ್ಕೊಳ್ಳೂದಿಲ್ಲೇನು?" ಆ ಪರೀಕ್ಷೆಯನ್ನು ನಂಬುವ ಹಾಗಿರಲಿಲ್ಲ. ಉಳಿದದ್ದು ಚಿತ್ರ ಒಂದೇ. ಶ್ರಾವಣ ಹುಟ್ಟಿದ ಮೇಲೆ ಬನ್ನಿ, ಮತ್ತೊಂದು ತೆಗೆಯೋಣ, ಅದರಲ್ಲೂ ಕುಳಿ ದೊಡ್ಡದೇ ಕಂಡರೆ ಇನ್ನು ತಡ ಮಾಡುವುದು ಬೇಡ ಎಂದರು ಡಾಕ್ಟರಬಾಯಿ.

ಅತ್ತೆ ಅಷ್ಟು ದಿನ ನಮ್ಮಲ್ಲಿ ಇರಲು ಒಪ್ಪಲಿಲ್ಲ. ಎಮ್ಮೆ ಆಗಷ್ಟೇ ಈದಿತ್ತು, ಅದು ಬೇರೆಯವರ ಕೈಗೆ ಹಾಲು ಕೊಡುವುದಿಲ್ಲ. "ನನ್ನ ಕಣ್ಣಿಗೆ ಕಾಯೂದು ಗೊತ್ತೈತಿ, ಕರುವಿಗೆ ಗೊತ್ತಿಲ್ಲ" ಎಂದು ಕುಲಗೋಡದ ಬಸ್ಸು ಹತ್ತಿಬಿಟ್ಟರು.

ಆಮೇಲಿನ ವಾರಗಳನ್ನು ನಾನು ಶಿಬಿರದ್ದು ಒಂದು, ಸವಿತಾ ಫೋನಿಗೆ ಕಳಿಸಿದ್ದು ಒಂದು, ಎರಡು ಚಿತ್ರ ನೋಡುತ್ತ ಕಳೆದೆ. ಅನ್ನ ಕುದಿಯುವಾಗ, ಬಟ್ಟೆ ಒಣಗುತ್ತಿಲ್ಲವಲ್ಲ ಎಂದು ಬಾಗಿಲಲ್ಲಿ ನಿಂತಾಗ, ಫೋನು ತೆಗೆದು ಒಂದನ್ನು ಬೆರಳಿನಿಂದ ಹಿಗ್ಗಿಸುವುದು, ಇನ್ನೊಂದನ್ನು ಹಿಗ್ಗಿಸುವುದು. ಒಮ್ಮೆ ಎರಡೂ ಒಂದೇ ಅನ್ನಿಸುತ್ತಿತ್ತು. ಇನ್ನೊಮ್ಮೆ ಎರಡನೆಯದರಲ್ಲಿ ಹಳದಿ ಕುಳಿ ಅಂಚನ್ನೇ ತಿಂದುಹಾಕಿದಂತೆ ಕಾಣುತ್ತಿತ್ತು. ನಮ್ಮವರು, "ಎಷ್ಟ ನೋಡಿದ್ರೂ ಅದು ಅಷ್ಟ ಐತಿ, ಇಡ ಅದನ್ನ" ಎನ್ನುತ್ತಿದ್ದರು. ಹಾಗೆಂದವರೇ ಅಂಗಡಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಏನ್ ಅನಸ್ತೈತಿ ನಿನಗ? ನಿನಗ ಇಂಗ್ಲಿಷ್ ಬರತೈತಲ್ಲ" ಎಂದು ಕೇಳುತ್ತಿದ್ದರು.

ದಿನಾ ಫೋನು ಮಾಡುತ್ತಿದ್ದೆ.

"ಅತ್ತಿ, ಹನಿ ಹಾಕ್ಕೊಂಡ್ರಿ?"

"ಹಾಕ್ಕೊಂಡೇನವಾ. ಒಂದ ಹನಿ ಕಣ್ಣಿಗೆ, ಎರಡ ಹನಿ ಗಲ್ಲಕ್ಕ. ಗಲ್ಲದ ಒತ್ತಡ ಪೂರಾ ಇಳದೈತಿ ನೋಡ ಈಗ."

ನಾನು ನಗುತ್ತಿದ್ದೆ. ಫೋನು ಇಟ್ಟಮೇಲೆ, ಹನಿಯೆಲ್ಲ ಗಲ್ಲಕ್ಕೇ ಬೀಳುತ್ತಿದ್ದರೆ ಏನು ಗತಿ ಎಂದು ಮತ್ತೆ ಆ ಚಿತ್ರಗಳನ್ನು ತೆರೆಯುತ್ತಿದ್ದೆ.

ಅಷ್ಟರಲ್ಲಿ ಮೇಲಿನ ಸೀಮೆಯಲ್ಲಿ ಮಳೆ ಜೋರಾಯಿತು. ಹಿಡಕಲ್ಲಿನಿಂದ ನೀರು ಬಿಟ್ಟಿದ್ದಾರೆ ಎಂದು ಅಂಗಡಿಗೆ ಬಂದವರು ಹೇಳಿದರು. ಘಟಪ್ರಭೆ ಮಣ್ಣಿನ ಬಣ್ಣಕ್ಕೆ ತಿರುಗಿ ಊರಿನ ಕೆಳಗಿನ ಓಣಿಗಳ ಕಡೆ ಮುಖ ಮಾಡಿತು. ಜನ ಕೊಡೆ ಹಿಡಿದು ಹೊಳೆ ನೋಡಲು ಹೋಗುತ್ತಿದ್ದರು. ನಾನೂ ಒಂದು ಸಂಜೆ ಹೋದೆ. ಕಬ್ಬಿನ ಒಣಗಿದ ಗರಿಯ ರವದಿ, ಒಂದು ಪ್ಲಾಸ್ಟಿಕ್ ಕೊಡ, ಬೇರು ಸಮೇತ ಒಂದು ಜಾಲಿ ಗಿಡ ತೇಲಿ ಹೋದವು. ಆಚೆ ದಂಡೆಯ ಹೊಲಗಳ ಆಚೆಗೆ, ಕಾಣದಷ್ಟು ದೂರದಲ್ಲಿ ಕುಲಗೋಡ. ಆಸ್ಪತ್ರೆಯವರು ಹೇಳಿದ ದಿನಕ್ಕೆ ಸರಿಯಾಗಿ ಸೇತುವೆಯ ಮೇಲೆ ನೀರು ಬಂದು ಬಸ್ಸುಗಳು ನಿಂತವು. ಪೊಲೀಸರು ಹಗ್ಗ ಕಟ್ಟಿದರು.

ಆಗ ನನಗೆ ಬಂದ ಯೋಚನೆಗಳನ್ನು ಯಾರಿಗೂ ಹೇಳಲಿಲ್ಲ. ನೀರು ಇಳಿಯುವುದರೊಳಗೆ ಆ ಕುಳಿ ಇನ್ನಷ್ಟು ಅಗಲವಾದರೆ? ಈ ಹಗ್ಗವೇ ಅವರ ಕಣ್ಣು ತೆಗೆದರೆ? ಫೋನಿನಲ್ಲಿ ಅತ್ತೆಯನ್ನು ಸುತ್ತುಬಳಸಿ ಪ್ರಶ್ನೆ ಕೇಳುತ್ತಿದ್ದೆ. ಹಿತ್ತಲ ಬಾಗಿಲ ಹೊಸ್ತಿಲು ಕಾಣುತ್ತದೆಯೆ, ಸಾರಿನೊಳಗಿನ ಸಾಸಿವೆ ಕಾಣುತ್ತದೆಯೆ ಎಂದು.

ಹೊಳೆ ಇಳಿದು ಹಗ್ಗ ಬಿಚ್ಚಿದ ಮೊದಲ ಮುಂಜಾನೆಯೇ ಅತ್ತೆ ಬಂದರು, ಸ್ಟೀಲಿನ ಡಬ್ಬಿಯಲ್ಲಿ ತುಪ್ಪ ಹಿಡಿದುಕೊಂಡು. ಆಸ್ಪತ್ರೆಯಲ್ಲಿ ಹನಿ ಹಾಕಿ, ಕಣ್ಣಿನ ಪಾಪೆ ಹಿಗ್ಗುವವರೆಗೆ ಕೂರಿಸಿ, ಸವಿತಾ ಒಳಗೆ ಕರೆದಳು. ಈ ಸಲ ಅತ್ತೆ ನನ್ನ ಕೈ ಬಿಡಲಿಲ್ಲ. "ಆ ಕತ್ತಲ ಖೋಲ್ಯಾಗ ನನಗ ಜೀವ ಹಾರತೈತಿ. ನೀನೂ ಬಾ." ಸವಿತಾ ಬೇಡ ಎನ್ನಲಿಲ್ಲ. ನಾನು ಅವರ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟೆ.

"ಒಳಗ ಹಸರ ಬೆಳಕ ಬರತೈತಿ ಅಜ್ಜಿ, ಅದನ್ನ ನೋಡ್ರಿ. ಕದಲಬ್ಯಾಡ್ರಿ."

ಕ್ಲಿಕ್ ಎಂದಿತು. ಪರದೆಯ ಮೇಲೆ ಬಿಲ್ಲೆ ಮತ್ತೆ ಓರೆಯಾಗಿ ಮೂಲೆಗೆ ಹೋಗಿತ್ತು, ಅರ್ಧಕ್ಕೆ ಕರಿ ನೆರಳು.

"ಕದಲಿದ್ರಲ್ಲ ಅಜ್ಜಿ! ಹ್ವಾದ ಸಲನೂ ಹಿಂಗ ಮಾಡಿದ್ರಿ."

"ನಾ ಎಲ್ಲಿ ಕದಲೇನಿ ತಂಗಿ? ಕಲ್ಲ ಆಗಿ ಕುಂತೇನಿ."

ಎರಡನೆಯ ಸಲ ಹಸಿರು ಬೆಳಕು ಹೊತ್ತಿದಾಗ ನನ್ನ ಅಂಗೈಯ ಕೆಳಗೆ ಅತ್ತೆಯ ಹೆಗಲು ಒಂದಿಷ್ಟೇ ಮುಂದಕ್ಕೆ ಬಾಗಿತು. ಬಗ್ಗಿ ನೋಡಿದೆ. ಮಡಿಲಿನಲ್ಲಿ ಅವರ ಎರಡೂ ಕೈ ಒಂದಕ್ಕೊಂದು ಕೂಡಿದ್ದವು. ತುಟಿ ಸದ್ದಿಲ್ಲದೆ "ಶರಣು" ಎಂದಿತು.

ನಮ್ಮ ಮನೆಗಳಲ್ಲಿ ಮುಸ್ಸಂಜೆಗೆ ದೀಪ ಹೊತ್ತಿತೆಂದರೆ ಎಲ್ಲರೂ ಕೈಮುಗಿದು, ಒಂದು ಕ್ಷಣ ಕಣ್ಣು ಮುಚ್ಚಿ, ತಲೆ ಬಾಗಿಸುತ್ತಾರೆ. ಗೋಡೆಯ ಗುಂಡಿ ಒತ್ತಿ ಹೊತ್ತಿಸಿದ ಬಲ್ಬಾದರೂ ಸರಿ, ಹೋದ ಕರೆಂಟು ಬಂದರೂ ಸರಿ. ನಾನೂ ಮಾಡುತ್ತೇನೆ. ಅದು ಎಷ್ಟು ರೂಢಿಯೆಂದರೆ, ಅದನ್ನು ಯಾರೂ ಕದಲುವುದು ಎನ್ನುವುದಿಲ್ಲ, ಅತ್ತೆಯೂ ಅನ್ನುವುದಿಲ್ಲ. ಕತ್ತಲೆ ಕೋಣೆಯಲ್ಲಿ ಬೆಳಕು ಬಂದಾಗಲೆಲ್ಲ ಅವರು ಅದಕ್ಕೆ ತಲೆಬಾಗಿದ್ದರು. ಆ ಕ್ಷಣಕ್ಕೇ ಸವಿತಾ ಗುಂಡಿ ಒತ್ತಿದ್ದಳು.

"ಮೂಡಲಗ್ಯಾಗೂ ಹಿಂಗ ಮಾಡಿದ್ರೇನ್ರಿ ಅತ್ತಿ?"

"ಬೆಳಕ ಕಂಡ್ರ ಶರಣ ಅನಬೇಕಲ್ಲವಾ. ಕಂಡೂ ಕಾಣದಂಗ ಸುಮ್ಮನ ಕುಂಡ್ರಾಕ ಆಕ್ಕೈತೇನು?"

ಸವಿತಾ ಬಾಯಿಗೆ ಕೈ ಇಟ್ಟುಕೊಂಡಳು. ನನಗೆ ನಗು ಬರಲಿಲ್ಲ. ಹಾಗಾದರೆ ಆ ಐದೂ ಸುಳ್ಳು, ಏಳೂ ಸುಳ್ಳು. ಇಷ್ಟು ದಿನ ನಾನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದು ಒಬ್ಬರು ತಲೆಬಾಗಿದ ಓರೆಯನ್ನು.

"ಅತ್ತಿ, ಮದ್ಲ ಶರಣ ಮಾಡಿ ಮುಗಸ್ರಿ" ಎಂದೆ. "ಆಮ್ಯಾಲ, ಮುಂಜಾನೆ ಪೂಜಾದಾಗ ಅಂಗೈಯೊಳಗಿನ ಲಿಂಗ ಹೆಂಗ ನೋಡ್ತೀರಿ, ಹಂಗ ಆ ಹಸರ ಬೆಳಕ ನೋಡ್ರಿ."

ಅವರು ಬೆಳಕಿಗೆ ಕೈಮುಗಿದರು. ಗದ್ದ ಊರಿದರು. ಆಮೇಲೆ ನಿಜಕ್ಕೂ ಕಲ್ಲಾದರು. ಎಷ್ಟೋ ವರ್ಷದಿಂದ ದಿನಾ ಮುಂಜಾನೆ ಎಡಗೈಯೊಳಗಿನ ಲಿಂಗದ ಮೇಲೆ ದೃಷ್ಟಿ ನೆಟ್ಟವರು. ಸವಿತಾ ಒಂದಾದ ಮೇಲೊಂದು ಚಿತ್ರ ತೆಗೆದಳು. "ಅಜ್ಜಿ, ಒಮ್ಮೆರ ರೆಪ್ಪಿ ಬಡೀರಿ! ಕಣ್ಣ ಒಣಗತಾವ!"

ಡಾಕ್ಟರಬಾಯಿ ಆ ಚಿತ್ರಗಳ ಮೇಲೆ ಗೆರೆ ಎಳೆದರು. ಒಂದರ ಮೇಲೆ ಎಳೆದ ಗೆರೆಯನ್ನು ಮುಚ್ಚಿಟ್ಟು ಇನ್ನೊಂದರ ಮೇಲೆ ಎಳೆದರು. ಬೆಳಗಾವಿಯ ತಮ್ಮ ಗುರುಗಳಿಗೂ ಕಳಿಸಿ, ನೀವೂ ಅಳೆದು ಹೇಳಿ, ನನ್ನ ಅಂಕಿ ಹೇಳುವುದಿಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಎಲ್ಲರ ಅಂಕಿಯೂ ಒಂದಕ್ಕೊಂದು ಹತ್ತಿರ. ಏಳರ ಆಸುಪಾಸು.

"ಏಳೇ ಅಂದರೆ ಬೆಳೆದಿದೆ ಅಂತಲ್ಲವೇ ಮೇಡಂ?" ಎಂದೆ.

"ಹಂಗ ಅನ್ನಾಕ ಬರೂದಿಲ್ರಿ. ಶಿಬಿರದ ಐದನ್ನ ನಾ ಈಗ ನಂಬೂದಿಲ್ಲ. ಅವತ್ತೂ ಏಳ ಇದ್ದಿರಬಹುದು. ಇವತ್ತಿಂದು ಮದ್ಲನೇ ಖರೆ ಅಳತಿ. ಬೆಳ್ಯಾಕತ್ತೈತೋ, ನಿಂತೈತೋ ಅಂತ ಗೊತ್ತಾಗಬೇಕಂದ್ರ ಇಂಥಾದ್ದ ಇನ್ನೊಂದು ಬೇಕು. ದಸರಾ ದಾಟಿ ಸೀಗಿ ಹುಣ್ಣಿಮಿ ಮಟಾ ಕಾಯಬೇಕು. ಕಾಯೂದ್ರಾಗೂ ಧೋಕಾ ಐತಿ, ನಾ ಸುಳ್ಳ ಹೇಳಂಗಿಲ್ಲ."

ನಮ್ಮವರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಹನಿಯಿಂದ ಹಿಗ್ಗಿದ ಪಾಪೆ ಕಪ್ಪಗೆ ಹೊಳೆಯುತ್ತಿತ್ತು. ಆಗ ಅವರಿಗೆ ನಮ್ಮ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

"ಕೊಯ್ಯೂದಾದ್ರ ಗೊತ್ತಾಗಿ ಕೊಯ್ಯೂಣು" ಎಂದರು ಅವರೇ. "ಅಂದಾಜಿನ ಮ್ಯಾಲ ಬ್ಯಾಡ. ಕಾಯೂಣು."

ಆ ಕಾಯುವಿಕೆ ಮೊದಲಿನದಕ್ಕಿಂತ ಕಷ್ಟವಾಗಿತ್ತು. ಮೊದಲು ಅನುಮಾನವನ್ನು ಚಿತ್ರದ ಮೇಲೆ ಹಾಕಬಹುದಿತ್ತು, ಈಗ ಚಿತ್ರ ನಿಜವಾಗಿತ್ತು. ಗಣಪತಿ ಹಬ್ಬ ಮುಗಿದ ಮೇಲೆ ನಾನೇ ಕುಲಗೋಡಕ್ಕೆ ಹೋಗಿ ಕೆಲವು ದಿನ ಇದ್ದೆ, ಹನಿ ನಾನೇ ಹಾಕಿದೆ. ಅತ್ತೆ ಎದ್ದರೆ ನೋಡುತ್ತಿದ್ದೆ, ಕೂತರೆ ನೋಡುತ್ತಿದ್ದೆ. ರೊಟ್ಟಿ ಬಡಿಯುವಾಗ ಹಿಟ್ಟಿನ ಬುಟ್ಟಿಗೆ ಕೈ ನೇರ ಹೋಯಿತೇ, ತಡಕಿತೇ? ಒಂದು ದಿನ ಅವರು ಕರುವಿನ ಹತ್ತಿರ ಕೂತಿದ್ದಾಗ ಸೂಜಿ ದಾರ ತಂದು, "ಅತ್ತಿ, ಇದನ್ನ ಪೋಣಿಸಿ ಕೊಡ್ರಿ, ನನಗ ಕಾಣವಲ್ದು" ಎಂದೆ.

"ನನಗ ಪರೀಕ್ಷಾ ನಡಸೀಯೇನ ಸುನಂದಾ?" ಎಂದರು. "ನಿಮ್ಮ ಸಿಸ್ಟರ್ ಬಾಯಾರು ಕಲಿಸಿದ್ದು ಇದ ಏನು?"

ಅವರು ಸೂಜಿ ಬದಿಗಿಟ್ಟು, ಕರುವಿನ ಕಿವಿಯ ಹಿಂದೆ ಕೆರೆಯುತ್ತ ಮೆತ್ತಗೆ ಹೇಳಿದರು: "ನನಗೇನ ಅಂಜಿಕಿ ಇಲ್ಲಂತ ತಿಳದೀಯಾ? ಲಿಂಗ ಕಾಣದಿದ್ರ ಮುಟ್ಟಿ ನೋಡ್ತೀನಿ. ಈ ಎಮ್ಮಿ ನನ್ನ ಕೈ ಗುರ್ತ ಹಿಡೀತೈತಿ. ನೀವ ಮಂದಿ ಮಾತ್ರ ನನ್ನ ಮುಂದ ಬಂದು ಸುಮ್ಮನ ನಿಂದರಬ್ಯಾಡ್ರಿ. ಹೆಸರ ಹೇಳ್ರಿ. ಅಷ್ಟ ಮಾಡ್ರಿ."

ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಸೀಗಿ ಹುಣ್ಣಿಮೆಯ ಮುನ್ನಾದಿನ ಗೋಕಾಕದಲ್ಲಿ ಹಿಂಗಾರಿನ ಒಂದು ಮಳೆ ಸುರಿದು ನಿಂತಿತ್ತು. ಅತ್ತೆ ಕತ್ತಲೆ ಕೋಣೆಗೆ ತಾವೇ ನಡೆದು ಹೋಗಿ, ಹೇಳಿಸಿಕೊಳ್ಳದೆ ಬೆಳಕಿಗೆ ಮೊದಲು ಕೈಮುಗಿದು, ಗದ್ದ ಊರಿದರು. ಡಾಕ್ಟರಬಾಯಿ ಶ್ರಾವಣದ ಚಿತ್ರವನ್ನೂ ಅಂದಿನ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು, ಪರದೆಯ ಮೇಲೆ ಅದಲುಬದಲು ಮಾಡಿ ತೋರಿಸತೊಡಗಿದರು. ಹಳೆಯದು, ಹೊಸದು. ಹಳೆಯದು, ಹೊಸದು. ಬೆಳೆದಿದ್ದರೆ ಕುಳಿಯ ಅಂಚು ಹೊರಕ್ಕೆ ಸರಿದು ಕುಣಿಯಬೇಕು, ನಾಳಗಳು ಜಾಗ ಬಿಡಬೇಕು. ನಾನು ಪರದೆಯ ಹತ್ತಿರ ಬಗ್ಗಿ ನೋಡಿದೆ. ಏನೂ ಕದಲಲಿಲ್ಲ. ಒಂದೇ ಚಿತ್ರ ರೆಪ್ಪೆ ಬಡಿಯುತ್ತಿದೆಯೇನೋ ಎಂಬ ಹಾಗಿತ್ತು.

"ನಿಂತೈತಿ" ಎಂದರು ಡಾಕ್ಟರಬಾಯಿ. "ಹನಿ ಹಿಡದೈತಿ. ಈಗ ಆಪರೇಶನ್ ಬ್ಯಾಡ. ಆದ್ರ ಹನಿ ಬಿಡೂ ಹಂಗಿಲ್ಲ. ಆಗಾಗ ಬಂದು ಹಿಂಗ ಅಳಸ್ಕೋಬೇಕು, ಇರೂಮಟಾ."

"ಇನ್ನೊಂದು ಸಲ ತೆಗೆದು ನೋಡಬಹುದಾ ಮೇಡಂ?" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಡಾಕ್ಟರಬಾಯಿ ಬೇಸರಿಸಲಿಲ್ಲ, ಸವಿತಾಳ ಕಡೆ ನೋಡಿದರು. ಅತ್ತೆಯೇ ನನ್ನ ಮೊಣಕೈ ಹಿಡಿದು ಎಬ್ಬಿಸಿದರು. "ಸಾಕ ನಡಿಯವಾ. ಆ ಯಂತ್ರಕ್ಕೂ ದಣಿವು ಇರತೈತಿ."

ಅಂದಿನಿಂದ ನಾವು ಹೋಗುತ್ತಲೇ ಇದ್ದೇವೆ. ಪ್ರತಿ ಸಲ ಹಳೆಯದು, ಹೊಸದು. ಪ್ರತಿ ಸಲ ನನ್ನ ಅಂಗೈ ಬೆವರುತ್ತದೆ. ಇಷ್ಟು ಸಲ ನಿಂತದ್ದು ಮುಂದಿನ ಸಲವೂ ನಿಂತಿರುತ್ತದೆ ಎಂದು ಯಾವ ಅಳತೆಯೂ ಹೇಳುವುದಿಲ್ಲ.

ಮೊದಲ ಸಲ "ನಿಂತೈತಿ" ಎಂದು ಕೇಳಿದ ಆ ದಿನ ಮಧ್ಯಾಹ್ನ ಪಾಪೆ ಸಹಜವಾಗುವವರೆಗೆ ಮನೆಯಲ್ಲಿ ಮಲಗಿಸಿ, ಇಳಿಹೊತ್ತಿಗೆ ಅತ್ತೆಯನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಮಳೆ ನೀರು ಅಲ್ಲಲ್ಲಿ ನಿಂತಿತ್ತು. ಅವರು ಮುಂದೆ, ನಾನು ಅರ್ಧ ಹೆಜ್ಜೆ ಹಿಂದೆ. ಅವರ ಪಾದಗಳನ್ನೇ ನೋಡುತ್ತ ನಡೆಯುತ್ತಿದ್ದೆ. ಎಡಗಾಲು ಮೊದಲು ನೆಲವನ್ನು ತಟ್ಟಿ ನೋಡುತ್ತದೆಯೇ, ಕಲ್ಲು ಬಂದಲ್ಲಿ ತಡವಾಯಿತೇ, ಫುಟ್‌ಪಾತಿನ ಅಂಚು ತಿಳಿಯಿತೇ.

"ಸುನಂದಾ" ಎಂದು ಕೂಗಿ ಅವರು ಗಕ್ಕನೆ ನಿಂತರು. "ನನ್ನ ಕಾಲ ನೋಡಕೋತ ನಡೀಬ್ಯಾಡ. ಮುಂದ ನೋಡು, ತೆಗ್ಗ ಐತಿ."

ಅಷ್ಟರಲ್ಲಿ ನನ್ನ ಬಲಗಾಲು ಹಿಮ್ಮಡಿ ಮುಳುಗುವಷ್ಟು ನೀರಿನೊಳಗೆ ಇಳಿದಿತ್ತು. ಸೀರೆಯ ಅಂಚು ಕೆಸರಾಯಿತು. ಅತ್ತೆ ಒಣ ನೆಲದ ಮೇಲೆ ನಿಂತು ನನಗೆ ಕೈ ಚಾಚಿದರು.